ಘೋಷಿಸಿದ ಮಾತ್ರಕ್ಕೆ ಬೆಲೆ ಬರುವುದಿಲ್ಲ

ಚಿಕ್ಕಬಳ್ಳಾಪುರದಲ್ಲಿ ನಾನು ಡೇಟಾಬೇಸ್ ಪಾಠ ಹೇಳುವ ಕೊಠಡಿಯಲ್ಲಿ ಸ್ಥಳೀಯ ಚರಾಂಶವನ್ನು, ಅಂದರೆ ಪ್ರೋಗ್ರಾಮಿನ ಒಂದು ಬ್ಲಾಕಿನೊಳಗೆ ಬೆಲೆ ಇಟ್ಟುಕೊಳ್ಳುವ ಹೆಸರನ್ನು, ಘೋಷಿಸುವುದು ಹೇಗೆ ಎಂದು ಕೇಳಿದರೆ ಈ ವಾರ ಮೂರನೆಯ ಸಲ ಅದೇ ಉತ್ತರ: 'ಬಿಗಿನ್ ಆದ ಮೇಲೆ ಮೊತ್ತವನ್ನು ಸೊನ್ನೆ ಎಂದು ಘೋಷಿಸಿದ್ದೇನೆ ಮೇಡಂ.' ಘೋಷಿಸಿಲ್ಲ ಕಣಪ್ಪ, ತುಂಬಿದ್ದೀಯೆ.

ಅರ್ಧ ತಪ್ಪು ಪದದ್ದೇ. ಇಂಗ್ಲಿಷಿನ 'ಡಿಕ್ಲೇರ್' ಲ್ಯಾಟಿನ್ನಿನ 'ಕ್ಲಾರುಸ್' ಎಂಬುದರಿಂದ ಬಂದದ್ದು. ತಿಳಿಯಾದದ್ದು, ಸ್ಪಷ್ಟವಾದದ್ದು ಎಂದರ್ಥ. ನಮ್ಮ 'ಘೋಷಣೆ' ಸಂಸ್ಕೃತದ 'ಘುಷ್' ಧಾತುವಿನದು, ಅದರಲ್ಲಿ ಸದ್ದೇ ಹೆಚ್ಚು. ಗ, ಜ, ದ, ಬ ಘೋಷಾಕ್ಷರಗಳಾದದ್ದು ದನಿಯಿಂದ. ಅಮರಕೋಶ ಗೊಲ್ಲರ ಹಟ್ಟಿಯನ್ನೂ ಘೋಷ ಎನ್ನುತ್ತದೆ; ಕರು ಬಿಟ್ಟ ಹೊತ್ತಿನಲ್ಲಿ ಕೊಟ್ಟಿಗೆಯ ಪಕ್ಕ ನಿಂತವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಗದ್ದಲದ ಪದ ಕಿವಿಗೆ ಬಿದ್ದೊಡನೆ ಏನೋ ಕೈಗೆ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಮಕ್ಕಳಿಗಾದರೂ ಈ ಭ್ರಮೆ ಇರಬಾರದು. ತಾಲ್ಲೂಕನ್ನು ಬರಪೀಡಿತ ಎಂದು ಘೋಷಿಸುವ ಆದೇಶವೇ ಬೇರೆ, ಪರಿಹಾರ ಖಾತೆಗೆ ಬೀಳುವುದೇ ಬೇರೆ ಎಂಬುದನ್ನು ಅವರ ಮನೆಯ ಹಿರಿಯರು ಚೆನ್ನಾಗಿ ಬಲ್ಲರು.

ಒರಾಕಲ್‌ನ ಪಿಎಲ್/ಎಸ್‌ಕ್ಯೂಎಲ್ ಬ್ಲಾಕಿನಲ್ಲೂ, ಅಂದರೆ ಆ ಡೇಟಾಬೇಸ್ ಭಾಷೆಯಲ್ಲಿ 'ಡಿಕ್ಲೇರ್', 'ಬಿಗಿನ್', 'ಎಂಡ್' ಎಂಬ ಪದಗಳಿಂದ ಭಾಗವಾಗುವ ಪ್ರೋಗ್ರಾಮಿನ ತುಣುಕಿನಲ್ಲೂ, ಅಷ್ಟೇ. 'ಡಿಕ್ಲೇರ್' ಭಾಗದಲ್ಲಿ ಮೊದಲು ಚರಾಂಶದ ಹೆಸರು, ಆಮೇಲೆ ದತ್ತಾಂಶದ ಪ್ರಕಾರ. 'ಮೊತ್ತ ನಂಬರ್;' ಎಂದು ನಿಲ್ಲಿಸಿದರೆ ಒಳಗಿರುವುದು ಸೊನ್ನೆಯಲ್ಲ, ನಲ್, ಅಂದರೆ ಬೆಲೆಯೇ ಇಲ್ಲದ ಖಾಲಿ. ಬೆಳಿಗ್ಗೆ ಡೈರಿಗೆ ಹಾಕಿದ 6 ಲೀಟರ್ ಹಾಲನ್ನೂ ಸಂಜೆಯ 4 ಲೀಟರನ್ನೂ ಅದಕ್ಕೆ ಕೂಡಿಸಿ ನೋಡಿ: ಬರುವುದು 10 ಅಲ್ಲ, ಮತ್ತದೇ ನಲ್. ದೋಷದ ಸಂದೇಶವೂ ಇಲ್ಲ. ಸಿಟ್ಟು ಬರುವುದು ಅದಕ್ಕೇ. ಘೋಷಿಸುವ ಸಾಲಿನಲ್ಲೇ ':= 0' ಸೇರಿಸಬಹುದು, ಸೇರಿಸಬೇಕು. ಆದರೆ ಅದು ಒಂದು ಸಾಲಿನಲ್ಲಿ ನಡೆದ ಎರಡು ಕೆಲಸ.

'ಸ್ಥಳೀಯ' ಎಂಬುದರಲ್ಲಿ ಗೊಂದಲವಿಲ್ಲ: ಬ್ಲಾಕಿನ 'ಎಂಡ್' ದಾಟಿದರೆ ಆ ಹೆಸರನ್ನು ಕೇಳುವವರಿಲ್ಲ.

ಪ್ರಕಾರದ ಅಳತೆಯಲ್ಲಿ ಮಾತ್ರ ಕನ್ನಡದವರು ಎಚ್ಚರವಾಗಿರಬೇಕು. ಒಬ್ಬ ಹುಡುಗಿ ಬೆರಳು ಮಡಿಸಿ ಎಣಿಸಿದಳು: ಚಿ, ಕ್ಕ, ಬ, ಳ್ಳಾ, ಪು, ರ. ಆರು. 'ಊರು ವಾರ್‌ಕ್ಯಾರ್2(6)' ಎಂದು ಬರೆದಳು; ಅಕ್ಷರಗಳ ಸಾಲನ್ನು ಇಡುವ ಪ್ರಕಾರ ಅದು, ಆವರಣದಲ್ಲಿರುವುದು ಗರಿಷ್ಠ ಅಳತೆ. ಓಡಿಸಿದೊಡನೆ ಓಆರ್‌ಎ-06502, ಜಾಗ ಸಾಲದೆಂಬ ದೋಷ. ಗುಣಿತದ ಗುರುತು, ಒತ್ತಕ್ಷರ ಮಾಡುವ ವಿರಾಮದ ಗುರುತು (್) ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುವ ಯಂತ್ರಕ್ಕೆ ಈ ಹೆಸರು 13 ಸಂಕೇತ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ಬೇರೆ ಹೇಳದಿದ್ದರೆ ಒರಾಕಲ್ ಆವರಣದ ಸಂಖ್ಯೆಯನ್ನು ಬೈಟ್ ಎಂದೇ ಓದುತ್ತದೆ, ಬೇಕಾದದ್ದು 39. ಕೋಲಾರದವರು 15ಕ್ಕೇ ಪಾರು, ಅದೃಷ್ಟವಂತರು. ಬೈಟಿನ ಬದಲು ಸಂಕೇತಗಳ ಲೆಕ್ಕದಲ್ಲಿ '(13 ಕ್ಯಾರ್)' ಎಂದು ಬರೆದರೂ ಆಗುತ್ತದೆ. ಊರಿನ ಹೆಸರು ಟೇಬಲಿನ ಕಾಲಮಿನಿಂದ ಬರುವುದಾದರೆ ನಾನು ಸಂಖ್ಯೆಯನ್ನೇ ಬರೆಸುವುದಿಲ್ಲ, ಕಾಲಮಿನ ಹೆಸರಿಗೆ '%ಟೈಪ್' ಅಂಟಿಸಲು ಹೇಳುತ್ತೇನೆ. ಮುಂದೆ ಯಾರಾದರೂ ಕಾಲಮನ್ನು ಅಗಲ ಮಾಡಿದರೆ ಚರಾಂಶವೂ ಅದರ ಜೊತೆ ಅಗಲವಾಗುತ್ತದೆ.