ಮೂತ್ರದಲ್ಲಿ ಸ್ನಾಯುವಿನ ಸುಳಿವು: ಕ್ರಿಯಾಟಿನಿನ್‌ನಿಂದ ಟೈಟಿನ್‌ವರೆಗೆ

ದೇಹದೊಳಗೆ ನಡೆಯುತ್ತಿರುವುದನ್ನು ಹೊರಗಿನಿಂದಲೇ ಅಳೆಯಲು ನೆರವಾಗುವ ವಸ್ತುವನ್ನು ಜೈವಿಕ ಸೂಚಕ ಅಥವಾ ಬಯೋಮಾರ್ಕರ್ ಎನ್ನುತ್ತಾರೆ. ಸ್ನಾಯುವಿನ ಮಟ್ಟಿಗೆ ಇಂಥ ಹಲವು ಸೂಚಕಗಳು ಮೂತ್ರದಲ್ಲೇ ಸಿಗುತ್ತವೆ. ಸೂಜಿ ಚುಚ್ಚಬೇಕಾಗಿಲ್ಲ, ಸ್ಕ್ಯಾನ್ ಯಂತ್ರವೂ ಬೇಡ. ಆರೋಗ್ಯವಾಗಿರುವ ಯುವಕ ಯುವತಿಯರನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾದಾಗ ಇದು ದೊಡ್ಡ ಅನುಕೂಲ. ಆದರೆ ಒಂದೊಂದು ಸೂಚಕವೂ ಉತ್ತರಿಸುವುದು ಒಂದೊಂದು ಪ್ರಶ್ನೆಗೆ ಮಾತ್ರ. ಸ್ನಾಯು ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ಕರಗುತ್ತಿದೆ ಎಂಬುದು ಇನ್ನೊಂದು, ಅದಕ್ಕೆ ಪೆಟ್ಟಾಗಿದೆಯೇ ಎಂಬುದು ಮತ್ತೊಂದು. ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದನ್ನು ಇವುಗಳಲ್ಲಿ ಯಾವುದೂ ನೇರವಾಗಿ ಹೇಳುವುದಿಲ್ಲ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ.

ಎಲ್ಲಕ್ಕಿಂತ ಹಳೆಯ ಸೂಚಕ ಕ್ರಿಯಾಟಿನಿನ್. ಸ್ನಾಯುವಿಗೆ ತಟ್ಟನೆ ಶಕ್ತಿ ಒದಗಿಸಲು ನೆರವಾಗುವ ವಸ್ತು ಕ್ರಿಯಾಟಿನ್. ನಮ್ಮ ದೇಹದ ಕ್ರಿಯಾಟಿನ್‌ನಲ್ಲಿ ಸುಮಾರು ಶೇ. 95ರಷ್ಟು ಇರುವುದು ಅಸ್ಥಿ ಸ್ನಾಯುಗಳಲ್ಲಿ. ಅದರಲ್ಲಿ ದಿನಕ್ಕೆ ಸುಮಾರು ಶೇ. 2ರಷ್ಟು, ಯಾವ ಕಿಣ್ವದ ನೆರವೂ ಇಲ್ಲದೆ ತನ್ನಷ್ಟಕ್ಕೆ ತಾನೇ ಕ್ರಿಯಾಟಿನಿನ್ ಆಗಿ ಬದಲಾಗುತ್ತದೆ. ದೇಹಕ್ಕೆ ಅದರಿಂದ ಬೇರೆ ಉಪಯೋಗವಿಲ್ಲ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಸ್ನಾಯು ಹೆಚ್ಚಿದ್ದವರಲ್ಲಿ ಕ್ರಿಯಾಟಿನ್ ಹೆಚ್ಚು, ಹಾಗಾಗಿ ಮೂತ್ರದಲ್ಲಿ ಕ್ರಿಯಾಟಿನಿನ್ ಕೂಡ ಹೆಚ್ಚು. 1905ರಲ್ಲಿ ಅಮೆರಿಕದ ಆಟ್ಟೊ ಫೋಲಿನ್ ಜನರಿಗೆ ಮೊದಲು ಪ್ರೋಟೀನ್ ಹೇರಳವಾಗಿರುವ ಮಾಂಸರಹಿತ ಊಟ ಕೊಟ್ಟು, ಆಮೇಲೆ ಪ್ರೋಟೀನ್ ತೀರ ಕಡಿಮೆಯಿರುವ ಊಟಕ್ಕೆ ಬದಲಾಯಿಸಿ ನೋಡಿದರು. ಪ್ರೋಟೀನ್ ಒಡೆದಾಗ ಉಂಟಾಗುವ ಯೂರಿಯಾ ಮೂತ್ರದಲ್ಲಿ ಪಾತಾಳಕ್ಕೆ ಇಳಿಯಿತು, ಕ್ರಿಯಾಟಿನಿನ್ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅದು ಆ ದಿನದ ಊಟದಿಂದಲ್ಲ, ದೇಹದ ಒಳಗಿನಿಂದಲೇ ಬರುತ್ತಿದೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ನೂರು ವರ್ಷಗಳ ನಂತರವೂ ಈ ಪ್ರಯೋಗದ ಸರಳತೆ ನನ್ನನ್ನು ಬೆರಗುಗೊಳಿಸುತ್ತದೆ.

ಲೆಕ್ಕವೂ ಕಷ್ಟವಲ್ಲ. ದಿನಕ್ಕೆ 1 ಗ್ರಾಂ ಕ್ರಿಯಾಟಿನಿನ್ ಹೊರಬಿದ್ದರೆ ಸುಮಾರು 18ರಿಂದ 20 ಕಿಲೋ ಸ್ನಾಯು ಇದೆ ಎಂದು ಅಂದಾಜಿಸುತ್ತಾರೆ. 60 ಕಿಲೋ ತೂಕದ ಯುವಕನ ಮೂತ್ರದಲ್ಲಿ ದಿನಕ್ಕೆ 1.2 ಗ್ರಾಂ ಕಂಡರೆ ಅವನ ಸ್ನಾಯು ಸುಮಾರು 22ರಿಂದ 24 ಕಿಲೋ. ಕಷ್ಟವಿರುವುದು ಮೂತ್ರ ಸಂಗ್ರಹಿಸುವುದರಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಬಿಟ್ಟುಬಿಡಬೇಕು, ಹೊತ್ತನ್ನು ಬರೆದುಕೊಳ್ಳಬೇಕು. ಅಲ್ಲಿಂದ ಮುಂದೆ ಪ್ರತಿ ಸಲದ್ದನ್ನೂ ಲ್ಯಾಬಿನವರು ಕೊಟ್ಟ ದೊಡ್ಡ ಕ್ಯಾನಿಗೆ ಹಾಕುತ್ತ ಬಂದು, ಮರುದಿನ ಅದೇ ಹೊತ್ತಿನ ಮೊದಲ ಮೂತ್ರವನ್ನು ಸೇರಿಸಿ ಮುಗಿಸಬೇಕು. ಮಧ್ಯಾಹ್ನ ಕಾಲೇಜಿನಲ್ಲೋ ಬಸ್ ನಿಲ್ದಾಣದಲ್ಲೋ ಒಂದು ಸಲ ತಪ್ಪಿದರೂ ವರದಿಯಲ್ಲಿ ಕಿಲೋಗಟ್ಟಲೆ ಸ್ನಾಯು ಮಾಯವಾಗುತ್ತದೆ. ಹಿಂದಿನ ರಾತ್ರಿಯ ಮಟನ್ ಸಾರು ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ಮಾಂಸ ಬೇಯುವಾಗ ಅದರೊಳಗಿನ ಕ್ರಿಯಾಟಿನ್‌ನ ಒಂದು ಪಾಲು ಕ್ರಿಯಾಟಿನಿನ್ ಆಗಿಬಿಡುತ್ತದೆ, ಉಂಡವರ ಮೂತ್ರದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಹುಟ್ಟು ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕ್ರಿಯಾಟಿನ್ ಸಂಗ್ರಹವೇ ತುಸು ಕಡಿಮೆ. ಅವರಿಗೆ ಇದೇ ಸೂತ್ರ ಹಚ್ಚಿದರೆ ಇರುವುದಕ್ಕಿಂತ ಕಡಿಮೆ ಸ್ನಾಯು ತೋರಿಸುವ ಅಪಾಯವಿದೆ. ನಮ್ಮಲ್ಲಿ ಮಾಂಸವನ್ನೇ ಮುಟ್ಟದ ಮನೆಗಳು ಎಷ್ಟೋ ಇರುವಾಗ ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಜಿಮ್‌ಗೆ ಹೋಗುವವರು ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಿದ್ದರೆ, ಸ್ನಾಯು ಬೆಳೆಯದಿದ್ದರೂ ಅಂಕಿ ಮೇಲೇರಬಹುದು.

ದಿನವಿಡೀ ಸಂಗ್ರಹಿಸುವ ತಾಪತ್ರಯ ತಪ್ಪಿಸಲು ಒಂದೇ ಸಲದ ಮಾದರಿ ತೆಗೆದುಕೊಳ್ಳುವುದು ಈಗ ವಾಡಿಕೆ. ನೀರು ಹೆಚ್ಚು ಕುಡಿದರೆ ಮೂತ್ರ ತೆಳುವಾಗುತ್ತದೆ, ಆದ್ದರಿಂದ ಬೇರೆ ಸೂಚಕಗಳ ಅಂಕಿಯನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿ ವರದಿ ಮಾಡುತ್ತಾರೆ. ಸ್ನಾಯುವನ್ನೇ ಅಳೆಯಲು ಹೊರಟಾಗ ಈ ಭಾಗಾಕಾರ ನಮ್ಮನ್ನು ಏಮಾರಿಸಬಲ್ಲದು. ಇಬ್ಬರು ಯುವತಿಯರ ಮೂತ್ರದಲ್ಲಿ ದಿನವೊಂದಕ್ಕೆ ಒಂದೇ ಪ್ರಮಾಣದ ಸ್ನಾಯು ಪ್ರೋಟೀನ್ ಚೂರುಗಳು ಬರುತ್ತಿವೆ ಎಂದುಕೊಳ್ಳಿ. ಒಬ್ಬಳ ಕ್ರಿಯಾಟಿನಿನ್ 1.4 ಗ್ರಾಂ, ಇನ್ನೊಬ್ಬಳದು 0.7 ಗ್ರಾಂ. ಎರಡನೆಯವಳ ವರದಿಯಲ್ಲಿ ಅಂಕಿ ನೇರ ಇಮ್ಮಡಿ. ಅವಳ ಸ್ನಾಯುವಿಗೆ ಹೆಚ್ಚು ಹಾನಿಯಾಗಿದೆ ಎಂದು ಓದಬೇಕೋ, ಅವಳಲ್ಲಿ ಸ್ನಾಯುವೇ ಕಡಿಮೆ ಎಂದು ಓದಬೇಕೋ? ಬರೀ ಅನುಪಾತ ನೋಡಿ ಹೇಳಲಾಗದು. ಭಾಗಿಸುವ ಮುನ್ನ ಇದ್ದ ಎರಡು ಅಂಕಿಗಳನ್ನೂ ಲ್ಯಾಬಿನಿಂದ ಕೇಳಿ ಪಡೆಯುವುದೇ ಸರಿಯಾದ ದಾರಿ.

ಕರಗುವಿಕೆಯ ವೇಗಕ್ಕೆ ಬಳಸುವ ಸೂಚಕ 3-ಮೀಥೈಲ್‌ಹಿಸ್ಟಿಡಿನ್. ಸ್ನಾಯು ಸಂಕುಚಿಸಲು ಕಾರಣವಾದ ಆಕ್ಟಿನ್ ಮತ್ತು ಮಯೋಸಿನ್ ಪ್ರೋಟೀನುಗಳು ತಯಾರಾದ ಮೇಲೆ, ಅವುಗಳಲ್ಲಿನ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಕೆಲವು ಘಟಕಗಳಿಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳುತ್ತದೆ. ಪ್ರೋಟೀನ್ ಒಡೆದಾಗ ಬಿಡುಗಡೆಯಾಗುವ ಈ ಅಮೈನೋ ಆಮ್ಲವನ್ನು ದೇಹ ಮತ್ತೆ ಹೊಸ ಪ್ರೋಟೀನಿಗೆ ಬಳಸಲಾರದು, ಅದು ಮೂತ್ರಕ್ಕೇ ಬರಬೇಕು. ಉಪಾಯವೇನೋ ಚೆನ್ನಾಗಿದೆ. ಆದರೆ ಕೋಳಿ, ಮೀನು, ಕುರಿ ಯಾವುದನ್ನು ತಿಂದರೂ ಅದೇ ವಸ್ತು ಹೊರಬರುವುದರಿಂದ ಪರೀಕ್ಷೆಗೆ ಮುನ್ನ ಕೆಲವು ದಿನ ಮಾಂಸ ಬಿಡಬೇಕು. ಕರುಳು ಮತ್ತು ಚರ್ಮದ ಪಾಲೂ ಇದರಲ್ಲಿ ಬೆರೆತಿರುತ್ತದೆ.

ಈಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಯಲ್ಲಿರುವುದು ಟೈಟಿನ್. ಮನುಷ್ಯ ದೇಹದ ಅತಿ ದೊಡ್ಡ ಪ್ರೋಟೀನ್ ಇದು. ಸ್ನಾಯುತಂತುವಿನೊಳಗೆ ಸ್ಪ್ರಿಂಗಿನಂತೆ ಎಳೆದು ಬಿಡುವುದು ಇದರ ಕೆಲಸ. ಇಡೀ ಟೈಟಿನ್ ಮೂತ್ರಪಿಂಡದ ಜರಡಿ ದಾಟುವಷ್ಟು ಚಿಕ್ಕದಲ್ಲ, ಸ್ನಾಯುವಿಗೆ ಪೆಟ್ಟಾದಾಗ ಕಿಣ್ವಗಳು ಕತ್ತರಿಸಿದ ತುದಿಯ ಚೂರು ಮಾತ್ರ ಹೊರಬರುತ್ತದೆ. ಡುಶೆನ್ ಸ್ನಾಯುಕ್ಷಯ ಎಂಬ ಆನುವಂಶಿಕ ಕಾಯಿಲೆಯಿರುವ ಮಕ್ಕಳ ಮೂತ್ರದಲ್ಲಿ ಈ ಚೂರು ಅತಿ ಹೆಚ್ಚು ಎಂದು ತಿಳಿದ ಮೇಲೆ ಜಪಾನಿನಲ್ಲಿ ಅದನ್ನು ಅಳೆಯುವ ಕಿಟ್ ಬಂತು. ಆರೋಗ್ಯವಂತ ಯುವಕರಲ್ಲೂ ಅಭ್ಯಾಸವಿಲ್ಲದ ಕಠಿಣ ವ್ಯಾಯಾಮದ ನಂತರ, ಮೈಕೈ ನೋವು ಕಾಡುವ ದಿನಗಳಲ್ಲಿ ಇದು ಏರುತ್ತದೆ. ಅಷ್ಟಕ್ಕೇ ಗಾಬರಿಪಡಬೇಕಿಲ್ಲ, ಹೊಸ ವ್ಯಾಯಾಮಕ್ಕೆ ಸ್ನಾಯು ಹೊಂದಿಕೊಳ್ಳುವಾಗಲೂ ಇಷ್ಟು ಹಾನಿ ಇದ್ದದ್ದೇ.

ಗಾಬರಿಪಡಬೇಕಾದದ್ದು ಸ್ನಾಯುವಿನೊಳಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಕಂಡಾಗ. ಮೊದಲ ದಿನವೇ ಹಟ ಹಿಡಿದು ನೂರಾರು ಬಸ್ಕಿ ಹೊಡೆದವರ ತೊಡೆಯ ಸ್ನಾಯು ರಾಶಿರಾಶಿಯಾಗಿ ಒಡೆದು, ಒಂದೆರಡು ದಿನಗಳಲ್ಲಿ ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಬಹುದು. ಪರೀಕ್ಷಾ ಪಟ್ಟಿಯನ್ನು ಅದ್ದಿದರೆ ರಕ್ತವಿದೆ ಎಂದು ಬಣ್ಣ ಬದಲಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳೇ ಇರುವುದಿಲ್ಲ. ಆ ಪಟ್ಟಿಗೆ ಹಿಮೋಗ್ಲೋಬಿನ್ ಮತ್ತು ಮಯೋಗ್ಲೋಬಿನ್ ನಡುವಿನ ಭೇದ ತಿಳಿಯದು. ಇದು ಮೂತ್ರಪಿಂಡವನ್ನೇ ಕೆಡಿಸಬಲ್ಲ ಸ್ಥಿತಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ದೈಹಿಕ ಸಾಮರ್ಥ್ಯದ ಮಾತು. ಅಂಗೈ ಹಿಡಿತದ ಬಲ, ನಿಂತಲ್ಲಿಂದ ಎಷ್ಟು ಎತ್ತರ ಜಿಗಿಯುತ್ತಾರೆ, ಎಷ್ಟು ವೇಗವಾಗಿ ಓಡುತ್ತಾರೆ, ಇವು ಸ್ನಾಯುವಿನ ಗಾತ್ರವನ್ನಷ್ಟೇ ನೆಚ್ಚಿಕೊಂಡಿಲ್ಲ. ನರಗಳು ಎಷ್ಟು ತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುತ್ತವೆ, ತಂತುಗಳು ಯಾವ ಬಗೆಯವು, ತರಬೇತಿ ಎಷ್ಟು ಎಂಬುದೂ ಸೇರುತ್ತದೆ. ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್‌ನಿಂದ ಗುರುತು ಹಚ್ಚಿದ ಕ್ರಿಯಾಟಿನ್ ನುಂಗಿಸಿ, ಕೆಲವು ದಿನಗಳ ನಂತರದ ಮೂತ್ರದಿಂದ ಸ್ನಾಯುವಿನ ಮೊತ್ತ ಕಂಡುಹಿಡಿಯುವ ಹೊಸ ವಿಧಾನವೊಂದಿದೆ. ಅಮೆರಿಕದ ವೃದ್ಧ ಪುರುಷರಲ್ಲಿ ಹೀಗೆ ಅಳೆದಾಗ ಸ್ನಾಯುವಿನ ಮೊತ್ತಕ್ಕೂ ನಡಿಗೆಯ ವೇಗಕ್ಕೂ ಸಂಬಂಧ ಕಂಡಿತು. ಇಪ್ಪತ್ತರ ಹರೆಯದವರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ನಡೆಯಲು, ಮೆಟ್ಟಿಲು ಹತ್ತಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನ ಸ್ನಾಯು ಅವರಲ್ಲಿದೆ, ನಾಲ್ಕೈದು ಕಿಲೋ ವ್ಯತ್ಯಾಸ ನಡಿಗೆಯಲ್ಲಿ ಗೊತ್ತೇ ಆಗದೆ ಹೋಗಬಹುದು.

ಆದ್ದರಿಂದ ಈ ವಯಸ್ಸಿನವರಿಗೆ ಮೂತ್ರದ ಸೂಚಕ ಹೆಚ್ಚು ಉಪಯುಕ್ತವಾಗುವುದು ಒಬ್ಬರ ಅಂಕಿಯನ್ನು ಅವರದೇ ಹಿಂದಿನ ಅಂಕಿಯ ಜೊತೆಗಿಟ್ಟು ನೋಡಿದಾಗ. ತಿಂಗಳುಗಳ ಅಂತರದಲ್ಲಿ, ಅದೇ ಬಗೆಯ ಊಟದ ಮೇಲೆ, ಕಠಿಣ ವ್ಯಾಯಾಮವಿಲ್ಲದ ಕೆಲವು ದಿನಗಳ ನಂತರ ಮಾದರಿ ಕೊಡಬೇಕು. ಅದೇ ದಿನ ಹಿಡಿತದ ಬಲ ಮತ್ತು ಜಿಗಿತವನ್ನೂ ಅಳೆದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಮಾದರಿಯ ಚೀಟಿಯ ಮೇಲೆ ಹೆಸರು, ವಯಸ್ಸಿನ ಜೊತೆಗೆ ಹಿಂದಿನ ದಿನದ ಊಟ, ಕೊನೆಯ ವ್ಯಾಯಾಮದ ದಿನ ಮತ್ತು ಕ್ರಿಯಾಟಿನ್ ಪುಡಿ ಬಳಸಿದ್ದರೆ ಅದನ್ನೂ ನಮೂದಿಸುವುದು ಒಳ್ಳೆಯದು.