ಮೈಲೇಜ್ ಕೇಳುವವರಿಗೊಂದು ಲೀಟರಿನ ಲೆಕ್ಕ

ಚಿಕ್ಕಮಗಳೂರಿನಲ್ಲಿ ಯಾರೇ ಹೊಸ ಗಾಡಿ ತಂದರೂ ಮೊದಲು ಎದುರಾಗುವ ಪ್ರಶ್ನೆ, 'ಮೈಲೇಜ್ ಎಷ್ಟು ಕೊಡುತ್ತೆ?' ಪ್ರಶ್ನೆ ಸರಿಯಾದದ್ದೇ, ಆದರೆ ಅದರ ಉತ್ತರ ನಮ್ಮನ್ನು ದಾರಿ ತಪ್ಪಿಸುತ್ತದೆ. ಒಬ್ಬರು ಲೀಟರಿಗೆ 10 ಕಿ.ಮೀ. ಓಡುವ ಜೀಪು ಮಾರಿ 12.5 ಕಿ.ಮೀ. ಓಡುವುದನ್ನು ಕೊಂಡರು, ಇನ್ನೊಬ್ಬರು 20 ಓಡುವ ಕಾರು ಕೊಟ್ಟು 25 ಓಡುವುದನ್ನು ತಂದರು ಎನ್ನಿ. ಎರಡನೆಯವರೇ ಹೆಚ್ಚು ಉಳಿಸಿದಂತೆ ಕಾಣುತ್ತದೆ. ಸಾವಿರ ಕಿ.ಮೀ.ಗೆ ಲೆಕ್ಕ ಹಾಕಿ ನೋಡಿ. ಮೊದಲನೆಯವರಿಗೆ 100 ಲೀಟರ್ ಬೇಕಿದ್ದಲ್ಲಿ ಈಗ 80 ಸಾಕು, ಉಳಿದದ್ದು 20. ಎರಡನೆಯವರಿಗೆ 50 ಇದ್ದದ್ದು 40 ಆಯಿತು, ಉಳಿದದ್ದು ಬರೀ 10.

ಹೊಗೆಯೂ ಈ ಲೀಟರಿನ ಲೆಕ್ಕದಲ್ಲೇ ನಡೆಯುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ. ಅದು ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋ. ಪೆಟ್ರೋಲಿನ ಇಂಗಾಲ ಗಾಳಿಯ ಆಮ್ಲಜನಕವನ್ನು ಕೂಡಿಕೊಳ್ಳುವುದರಿಂದ ತೂಕ ಮೂರು ಪಟ್ಟಾಗುತ್ತದೆ. ಊರಿನಿಂದ ಮುಳ್ಳಯ್ಯನಗಿರಿಯ ಬುಡಕ್ಕೆ ರಸ್ತೆ ಸುಮಾರು 700 ಮೀಟರ್ ಮೇಲೇರುತ್ತದೆ. ಒಂದು ಟನ್ನಿನ ಕಾರನ್ನು ಅಷ್ಟು ಎತ್ತಲಿಕ್ಕೇ ಹೆಚ್ಚುಕಡಿಮೆ ಒಂದು ಲೀಟರ್ ಬೇಕು, ಏಕೆಂದರೆ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ಮುಟ್ಟುವುದು ಕಾಲು ಭಾಗದಷ್ಟು ಮಾತ್ರ. ಎರಡು ಟನ್ನಿನ ಗಾಡಿಗೆ ಎರಡು ಲೀಟರ್, ಒಳಗೆ ಇಬ್ಬರೇ ಕೂತಿದ್ದರೂ.

ಶೋರೂಮಿನಲ್ಲಿ ಇದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಕಾಣುವುದು ಆನ್‌ರೋಡ್ ಬೆಲೆ. ಮುಂದಿನ ಹತ್ತು ವರ್ಷ ಬಂಕಿನಲ್ಲಿ ಸುರಿಯುವ ದುಡ್ಡು ಆಗ ದೂರದ ಮಾತು. ಹಾಗಾಗಿ ಆ ಬೆಲೆಯಲ್ಲೇ ಹೊಗೆಯ ಲೆಕ್ಕ ಸೇರಿಸುವ ಉಪಾಯವೊಂದಿದೆ, ಹೆಸರು ಫೀಬೇಟ್. ಕಿ.ಮೀ.ಗೆ ಇಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಒಂದು ಗೆರೆ ಎಳೆಯುತ್ತಾರೆ. ಗೆರೆ ಮೀರಿದ ಕಾರು ಕೊಂಡವರು ಶುಲ್ಕ ಕಟ್ಟುತ್ತಾರೆ, ಗೆರೆಯ ಕೆಳಗಿನದನ್ನು ಕೊಂಡವರಿಗೆ ಆ ದುಡ್ಡು ರಿಯಾಯಿತಿಯಾಗಿ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಲೈಫ್ ಟ್ಯಾಕ್ಸ್ ಬೆಲೆ ನೋಡಿ ಏರುತ್ತದೆ, ಹೊಗೆ ನೋಡಿ ಅಲ್ಲ. ಇದು ಬದಲಾಗಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಫ್ರಾನ್ಸ್ 2008ರಲ್ಲಿ ಇದನ್ನು ಜಾರಿಗೆ ತಂದಿತು. 130 ಗ್ರಾಂ ಒಳಗಿದ್ದರೆ ರಿಯಾಯಿತಿ, 160 ದಾಟಿದರೆ ಶುಲ್ಕ; ಶುಲ್ಕ 2,600 ಯೂರೋವರೆಗೂ ಇತ್ತು. ಜನ ಎಷ್ಟು ಬೇಗ ಸಣ್ಣ ಕಾರಿನತ್ತ ಹೊರಳಿದರೆಂದರೆ, ಬಂದ ಶುಲ್ಕ ರಿಯಾಯಿತಿಗೆ ಸಾಲದೆ ಸರ್ಕಾರವೇ ಕೈಯಿಂದ ಹಾಕಬೇಕಾಯಿತು. ಜನ ಬದಲಾದಂತೆ ಗೆರೆಯನ್ನೂ ಕೆಳಗಿಳಿಸುತ್ತಾ ಹೋಗದಿದ್ದರೆ ಹೀಗಾಗುತ್ತದೆ.

ನ್ಯೂಜಿಲೆಂಡಿನ ಕತೆ ನಮ್ಮ ಮಲೆನಾಡಿಗೆ ಇನ್ನೂ ಹತ್ತಿರ. ಅಲ್ಲಿ 2021ರ ಜುಲೈನಲ್ಲಿ ರಿಯಾಯಿತಿ, 2022ರ ಏಪ್ರಿಲ್‌ನಲ್ಲಿ ಶುಲ್ಕ ಶುರುವಾಯಿತು. ಪಿಕಪ್ ಇಲ್ಲದೆ ಬೇಸಾಯ ಹೇಗೆ ಎಂದು ರೈತರು ಬೀದಿಗಿಳಿದರು. ಸರ್ಕಾರ ಬದಲಾಗಿ, 2023ರ ಕೊನೆಗೆ ಯೋಜನೆಯೇ ನಿಂತುಹೋಯಿತು. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದ ಕಚ್ಚಾ ದಾರಿಯಲ್ಲಿ ಗೊಬ್ಬರದ ಮೂಟೆ ಹೊತ್ತು ಏರುವ ಜೀಪಿನವರೂ ಇದೇ ಮಾತು ಕೇಳುತ್ತಾರೆ, ಕೇಳಬೇಕು ಕೂಡ. ಪೇಟೆಯಲ್ಲಿ ಮೆರೆಯಲು ಕೊಂಡ ದೊಡ್ಡ ಕಾರನ್ನೂ ಆ ಜೀಪನ್ನೂ ಒಂದೇ ಗೆರೆಯಿಂದ ಅಳೆಯುವುದು ಅನ್ಯಾಯ. ಸರಕು ಹೊರುವ ಗಾಡಿಗಳಿಗೆ ಅವುಗಳದೇ ಗೆರೆ ಇರಲಿ. 10ರಿಂದ 12.5ಕ್ಕೆ ಏರಿದ ಜೀಪಿನವರಿಗೂ ರಿಯಾಯಿತಿ ಸಿಗಲಿ. ಆ 20 ಲೀಟರ್ ಉಳಿಯುವುದು ಅಲ್ಲೇ.