ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ಓಡುವುದಿಲ್ಲ

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ನಾಲ್ಕಾರು ಸಲ ‘ರಿಫ್ರೆಶ್’ ಒತ್ತದೆ ಕೆಲಸ ಶುರು ಮಾಡದವರು ನಮ್ಮಲ್ಲಿ ಬೇಕಾದಷ್ಟು ಜನ. ಅದರಿಂದ ಆಗುವುದು ಇಷ್ಟೇ: ಪರದೆಯ ಐಕಾನ್‌ಗಳನ್ನು ವಿಂಡೋಸ್ ಇನ್ನೊಮ್ಮೆ ಬಿಡಿಸುತ್ತದೆ. ಮೆಮೊರಿ ಖಾಲಿಯಾಗದು, ವೇಗ ಕೂದಲೆಳೆಯಷ್ಟೂ ಹೆಚ್ಚದು. ನಿಧಾನವಾದ ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಓಎಸ್ (ವಿಂಡೋಸ್‌ನಂಥ ಕಾರ್ಯಾಚರಣೆ ವ್ಯವಸ್ಥೆ) ಹಾಕಿಸಿದರೆ ಸರಿಹೋಗುತ್ತದೆ ಎನ್ನುವುದೂ ಇದೇ ಜಾತಿಯ ನಂಬಿಕೆ. (ಹೊಸ ಓಎಸ್ ಹಾಕಿದ್ದರಿಂದಲೇ ನಿಧಾನವಾಯಿತು ಎಂಬ ತದ್ವಿರುದ್ಧ ನಂಬಿಕೆಗೂ ಭಕ್ತರಿದ್ದಾರೆ.)

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು (ಪ್ರೊಸೆಸರ್) ಶೇ 10–20ರಲ್ಲಿ ತೂಕಡಿಸುತ್ತಿದ್ದು, ಡಿಸ್ಕ್ ಮಾತ್ರ ನಿಮಿಷಗಟ್ಟಲೆ ಶೇ 100ಕ್ಕೆ ಅಂಟಿಕೊಂಡಿದ್ದರೆ ಕಳ್ಳ ಸಿಕ್ಕ ಹಾಗೆ.

ಹಾರ್ಡ್ ಡಿಸ್ಕ್ ಎಂದರೆ ಗ್ರಾಮಫೋನಿನ ವಂಶಸ್ಥ. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಓದುವ ಮುಳ್ಳು ಬೇಕಾದ ಜಾಡಿಗೆ ಸರಿಯಲು ಸುಮಾರು 12, ಬೇಕಾದ ತುಣುಕು ಅದರ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು. ಒಟ್ಟು ಹದಿನೇಳೂವರೆ ಮಿಲಿಸೆಕೆಂಡ್. ಅಷ್ಟರಲ್ಲಿ 2 ಗಿಗಾಹರ್ಟ್ಸ್ ಪ್ರೊಸೆಸರ್ 3.5 ಕೋಟಿ ಸಲ ಮಿಡಿದಿರುತ್ತದೆ. ಒಂದು ಮಿಡಿತವನ್ನು ಒಂದು ಸೆಕೆಂಡ್ ಎಂದುಕೊಂಡರೆ ಇದು 405 ದಿನ! ಒಲೆ ಹೊತ್ತಿಸಿದ ಅಡುಗೆಭಟ್ಟರು ಯುಗಾದಿಯ ಬೆಳಿಗ್ಗೆ ಬೇಳೆಗೆ ಆಳು ಕಳಿಸಿದರೆ, ಅವನು ಮುಂದಿನ ಯುಗಾದಿಯೂ ಕಳೆದು ತಿಂಗಳ ಮೇಲೆ ಬಂದ ಹಾಗೆ. ಬಂದವನನ್ನು ಉಪ್ಪಿಗೆ ಓಡಿಸಬೇಕು. ಅಪ್‌ಡೇಟ್, ವೈರಸ್ ತಪಾಸಣೆ, ಫೈಲ್ ಹುಡುಕಾಟದ ಸೂಚಿ ಎಲ್ಲವೂ ತಟ್ಟೆಯ ಬೇರೆ ಬೇರೆ ಮೂಲೆಯ ಚೂರುಗಳನ್ನು ಒಟ್ಟಿಗೇ ಕೇಳುತ್ತವೆ. ಆಳು ಮಾತ್ರ ಒಬ್ಬನೇ. ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕ್ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಧನ) ತಿರುಗುವ ತಟ್ಟೆಯೇ ಇಲ್ಲ. ಅದೇ ಲೆಕ್ಕದಲ್ಲಿ ಬೇಳೆ ಎರಡು ಮೂರು ದಿನದಲ್ಲಿ ಅಡುಗೆಮನೆಗೆ ಬರುತ್ತದೆ.

1956ರಲ್ಲಿ ಐಬಿಎಂ ತಂದ ರಾಮಾಕ್ ಯಂತ್ರದಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಸೇರಬೇಕಾದ ಜಾಗಕ್ಕೆ ಮುಳ್ಳು ಹೋಗಲು ಸರಾಸರಿ 600 ಮಿಲಿಸೆಕೆಂಡ್ ಬೇಕಿತ್ತು. ಇಷ್ಟು ದಶಕಗಳಲ್ಲಿ ಈ ಓಡಾಟ ಬರೀ ಐವತ್ತು ಪಟ್ಟು ಚುರುಕಾಗಿದೆ. ಪ್ರೊಸೆಸರ್ ಎಲ್ಲಿಗೋ ಹೋಗಿಬಿಟ್ಟಿದೆ.

ಆದ್ದರಿಂದ ಮೊದಲ ಖರ್ಚು 2.5 ಇಂಚಿನ, 256 ಜಿಬಿಯ ಸಾಟಾ ಎಸ್‌ಎಸ್‌ಡಿಗೆ. ರ್‍ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿ. ಇಂಟೆಲ್ ನಾಲ್ಕನೇ ಪೀಳಿಗೆಯ ಲ್ಯಾಪ್‌ಟಾಪ್‌ಗೆ 1.35 ವೋಲ್ಟಿನ ಡಿಡಿಆರ್‌3ಎಲ್ ಬೇಕು, ಅಂಗಡಿಯವರು 1.5 ವೋಲ್ಟಿನ ಹಳೆಯ ಡಿಡಿಆರ್‌3 ಕೊಟ್ಟರೆ ಪರದೆ ಕಪ್ಪಾಗಿಯೇ ಉಳಿಯಬಹುದು.

ಓಎಸ್ ಬದಲಿಸಲು ನಿಜವಾದ ಕಾರಣ ಸುರಕ್ಷತೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಒಂದು ವರ್ಷದ ವಿಸ್ತರಣೆ ಘೋಷಿಸಿದ್ದರು. ಆ್ಯಂಟಿವೈರಸ್ ಇದೆಯಲ್ಲ ಎನ್ನುವವರು 2017ರ ಮೇ ತಿಂಗಳ, ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿದ ವಾನ್ನಾಕ್ರೈ ದಾಳಿಯನ್ನು ನೆನೆಯಲಿ. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಘಟಕ) ಮತ್ತು ಸಾಮಾನ್ಯವಾಗಿ ಇಂಟೆಲ್ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಟಿಪಿಎಂ ‘ಇಲ್ಲ’ ಎಂದು ತೋರಿಸಿದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ನೋಡಿ, ಇಂಟೆಲ್ ಯಂತ್ರಗಳಲ್ಲಿ ‘ಪಿಟಿಟಿ’ ಎಂಬ ಹೆಸರಿನಲ್ಲಿ ಮಲಗಿರುತ್ತದೆ. ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಗೂಢಲಿಪಿಯ ಬೀಗ) ಇದ್ದರೆ ಅಲ್ಲಿ ಕೈಯಾಡಿಸುವ ಮೊದಲು 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ನಿಮ್ಮ ಫೈಲ್‌ಗಳು ನಿಮಗೇ ಸಿಗದೆ ಹೋಗಬಹುದು. ಈ ಅರ್ಹತೆ ಇಲ್ಲದ ಯಂತ್ರಕ್ಕೂ ವಿಂಡೋಸ್ 11 ಅನ್ನು ಅಡ್ಡದಾರಿಯಲ್ಲಿ ಹಾಕಿಸುವುದು ಸಾಧ್ಯ, ಆದರೆ ಮುಂದಿನ ಅಪ್‌ಡೇಟ್‌ಗಳಿಗೆ ಖಾತ್ರಿಯಿಲ್ಲ. ಇಂಟೆಲ್‌ನ ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರ್‌ನಲ್ಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಕೂಡ ಆಗದು, ಅದಕ್ಕೆ ಬೇಕಾದ ‘ಪಾಪ್‌ಕೌಂಟ್’ ಆದೇಶವೇ ಆ ಪ್ರೊಸೆಸರ್‌ಗೆ ಗೊತ್ತಿಲ್ಲ.

ಅಂಥವಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ ಲೇಸು. 4 ಜಿಬಿ ರ್‍ಯಾಮ್ ಸಾಕು, ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯಲ್ಲಿ ಕನ್ನಡವನ್ನೂ ಟೈಪಿಸಬಹುದು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಕಡತಗಳಿದ್ದರೆ ಮಾತ್ರ ಎಚ್ಚರ: ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಅಳಿಸುವ ಮುನ್ನವೇ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಒಂದೆರಡು ಪುಟ ಓದಿ ನೋಡಿ.